ಲಾ ಗುಲೆತ್ ಬಂದರಿನಲ್ಲಿ ಕಾಣೆಯಾದ ಗಂಡ

ಹೆಸರು: ಫ್ರಾನ್ಸೀನ್ ಬುಸುಟ್ಟಿಲ್
ಗಂಡನ ಹೆಸರು: ಸಾಲ್ವು ಬುಸುಟ್ಟಿಲ್
ವಯಸ್ಸು: 26 ವರ್ಷ
ಉದ್ಯೋಗ: ಕನ್ನಡಕದ ಅಂಗಡಿಯಲ್ಲಿ ಸಹಾಯಕಿ
ವಾಸ: ಮಾವನವರ ಮನೆ, ದೊಡ್ಡ ಚರ್ಚಿನ ಹಿಂದಿನ ಬೀದಿ, ಜೈತೂನ್, ಮಾಲ್ಟಾ. ಮದುವೆಗೆ ಮುಂಚೆ ಸ್ಲೀಮಾ.

ಲಾ ಗುಲೆತ್ ಬಂದರು ಠಾಣೆಯ ಅಧಿಕಾರಿ ಮೊನ್ಸೆಫ್ ಅವರ ಮುಂದೆ ಕುಳಿತು, ಯಾರ ಒತ್ತಾಯವೂ ಇಲ್ಲದೆ ನಾನು ತಿಳಿಸುವುದೇನೆಂದರೆ, ನನ್ನ ಗಂಡ ಸಾಲ್ವು, ವಯಸ್ಸು 29, ಕಾಣೆಯಾಗಿದ್ದಾರೆ, ದಯವಿಟ್ಟು ಹುಡುಕಿಕೊಡಿ ಎಂದು ಇಂದು ಸಂಜೆ 5:10ಕ್ಕೆ ಇದೇ ಠಾಣೆಯಲ್ಲಿ ನಾನು ಬಾಯಿಮಾತಿನ ದೂರು ಕೊಟ್ಟಿದ್ದೆ. ಈ ಹೇಳಿಕೆ ಆ ದೂರಿನ ಬಗ್ಗೆ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಮಾಲ್ಟೀಸ್ ನನಗೆ ಅಷ್ಟಕ್ಕಷ್ಟೆ. ಆದ್ದರಿಂದ ಎರಡನ್ನೂ ಬೆರೆಸಿ ಹೇಳುತ್ತಿದ್ದೇನೆ. ಹಡಗಿನ ಕಂಪನಿಯ ಪರವಾಗಿ ಈ ಬಂದರಿನಲ್ಲಿ ಕೆಲಸ ನೋಡಿಕೊಳ್ಳುವ ಶ್ರೀಮತಿ ಹೇಲಾ ಅವರು ಅದನ್ನು ಅಧಿಕಾರಿಗಳಿಗೆ ತಿಳಿಸಿ ಹೇಳುತ್ತಿದ್ದಾರೆ. ಆದದ್ದನ್ನು ಆದ ಕ್ರಮದಲ್ಲೇ ಹೇಳಬೇಕು, ಆಮೇಲಿನದನ್ನು ಮೊದಲೇ ಹೇಳಬಾರದು, ಆಡಿದ ಮಾತನ್ನು ಆಡಿದ ಹಾಗೇ ಹೇಳಬೇಕು ಎಂದು ಅಧಿಕಾರಿಗಳು ಸೂಚಿಸಿದ್ದಾರೆ. ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಚಿಕ್ಕದಾಗಿ ಹೇಳಲು ಪ್ರಯತ್ನಿಸುತ್ತೇನೆ.

ನಮ್ಮ ಮದುವೆ ಇದೇ ಜೂನ್ ಎರಡರಂದು ಜೈತೂನಿನ ಚರ್ಚಿನಲ್ಲಿ ಆಯಿತು. ಅಷ್ಟು ಚೆಂದದ ಮದುವೆ ಆ ಬೀದಿಯಲ್ಲಿ ಆಗಿರಲೇ ಇಲ್ಲ ಎಂದು ಎಲ್ಲರೂ ಹೇಳಿದರು. ನನ್ನ ಉಡುಪಿನ ಹಿಂಭಾಗದಲ್ಲಿ ಕತ್ತಿನಿಂದ ಸೊಂಟದವರೆಗೆ ಮುತ್ತಿನ ಗುಂಡಿಗಳಿದ್ದವು. ಗುಂಡಿಗಳ ವಿಷಯ ಬೇಕಿಲ್ಲ ಎಂದು ಅಧಿಕಾರಿಗಳು ಹೇಳಿದರು.

ಜೂನ್ 11ರ ಭಾನುವಾರ ಸಂಜೆ ನಾವು ವಲೆಟ್ಟಾದಲ್ಲಿ ಮೆರಿಯಾನಾ ಹಡಗು ಹತ್ತಿದೆವು. ಇದು ನಮ್ಮ ಮಧುಚಂದ್ರ. ನಮ್ಮ ಜೊತೆ ನನ್ನ ಗಂಡನ ಮನೆಯವರು ಇದ್ದರು. ಅತ್ತೆ, ಮಾವ, ಅತ್ತೆಯ ಅಕ್ಕ ನೀನಾ ದೊಡ್ಡಮ್ಮ, ನಾದಿನಿ, ಅವಳ ಗಂಡ, ಅವರ ಮೂರು ಮಕ್ಕಳು, ನನ್ನ ಇಬ್ಬರು ಮೈದುನಂದಿರು. ಸಾಲ್ವು ಸೇರಿ ಹನ್ನೊಂದು ಜನ. ಅವರು ಪ್ರತಿ ವರ್ಷ ಜೂನಿನಲ್ಲಿ ಹೀಗೆ ಹಡಗಿನ ಪ್ರವಾಸ ಹೋಗುತ್ತಾರೆ. ಸಾಲ್ವು ಮೀಸೆ ಬರುವ ಮುಂಚಿನಿಂದ ಹೋಗುತ್ತಿದ್ದಾರೆ. ಈ ವರ್ಷದ್ದನ್ನು ಜನವರಿಯಲ್ಲೇ ಕಾದಿರಿಸಿದ್ದರು. ಆಗ ನಮ್ಮ ಮದುವೆಯ ದಿನ ಗೊತ್ತಾಗಿರಲಿಲ್ಲ. ನಾಲ್ಕು ನಾಲ್ಕು ಹಾಸಿಗೆಯ ಮೂರು ಕ್ಯಾಬಿನ್ನು. ಅದರಲ್ಲಿ ಒಂದು ಹಾಸಿಗೆ ಖಾಲಿ ಇತ್ತು. ಅದನ್ನು ನನಗೆ ಕೊಟ್ಟರು. ಅದು ಅತ್ತೆ, ಮಾವ, ದೊಡ್ಡಮ್ಮ ಇರುವ ಕ್ಯಾಬಿನ್ನಿನಲ್ಲಿ, ಏಣಿ ಹತ್ತಿ ಮಲಗುವ ಮೇಲಿನ ಹಾಸಿಗೆ. ಸಾಲ್ವು ತಮ್ಮಂದಿರ ಮತ್ತು ಭಾವನ ಜೊತೆ ಎರಡು ಬಾಗಿಲು ಆಚೆ ಇದ್ದರು. "ಏಳು ರಾತ್ರಿ ತಾನೇ ಚಿನ್ನ, ಆಮೇಲೆ ಜೀವನ ಪೂರ್ತಿ ಇದ್ಯಲ್ಲ" ಎಂದು ಅವರು ಹೇಳಿದರು. ನನಗೆ ನಗು ಬಂತು. ಅವರು ಹಾಗೆ ಹೇಳಿದರೆ ಯಾರಿಗಾದರೂ ನಗು ಬರುತ್ತದೆ. ಮಾವ ಗೊರಕೆ ಹೊಡೆಯುತ್ತಾರೆ. ಯಾರಿಗೂ ತೊಂದರೆ ಕೊಡಬೇಕೆಂದಲ್ಲ.

ಸೋಮವಾರ ಮೆಸ್ಸಿನಾದಲ್ಲಿ ಇಳಿದೆವು. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿಯ ಗಂಟೆ ಗೋಪುರದಲ್ಲಿ ಚಿನ್ನದ ಸಿಂಹ ತಲೆ ತಿರುಗಿಸಿ ಗರ್ಜಿಸುತ್ತದೆ, ಹುಂಜ ರೆಕ್ಕೆ ಬಡಿಯುತ್ತದೆ. ನಾನು ಎರಡು ಕೈಯೆತ್ತಿ ಚಪ್ಪಾಳೆ ತಟ್ಟಿದೆ. ಸಿಂಹ ಗರ್ಜಿಸುವಾಗ ಸಾಲ್ವು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದು ಮದುವೆಗೆ ಮುಂಚಿನಿಂದ ಅಂದುಕೊಂಡಿದ್ದೆ. ಅಷ್ಟು ಹೊತ್ತಿಗೆ ಅವರು ಅತ್ತೆಗೆ ಮಡಚುವ ಕುರ್ಚಿ ಹಾಕಿಕೊಡಲು ಚೌಕದ ಆ ಬದಿಯ ನೆರಳಿಗೆ ಹೋಗಿದ್ದರು. ನಾನಿರುವ ಕಡೆಗೆ ಕೈ ಬೀಸಿದರು. ಅಂದಾಜು ಐವತ್ತು ಮೀಟರು ದೂರ.

ವಾಪಸ್ ಹಡಗು ಹತ್ತುವ ಮುಂಚೆ ಆ ಮನೆಯಲ್ಲಿ ಒಂದು ಪದ್ಧತಿ ಇದೆ. ನೀನಾ ದೊಡ್ಡಮ್ಮ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ನೆತ್ತಿ ಮುಟ್ಟಿ ಎಣಿಸುತ್ತಾರೆ. ಹನ್ನೊಂದು ಬಂದರೆ ಶಿಲುಬೆಯ ಗುರುತು ಹಾಕಿಕೊಂಡು "ನಡೀರಿ" ಎನ್ನುತ್ತಾರೆ. ಸಾಲ್ವು ಚಿಕ್ಕವರಿದ್ದಾಗ ಒಮ್ಮೆ ಜಿನೋವಾದಲ್ಲಿ ಪಾರಿವಾಳದ ಹಿಂದೆ ಹೋಗಿ ತಪ್ಪಿಸಿಕೊಂಡಿದ್ದರಂತೆ. ಅಂದಿನಿಂದ ಈ ಎಣಿಕೆ. ಮೆಸ್ಸಿನಾದಲ್ಲಿ ದೊಡ್ಡಮ್ಮ ಎರಡು ಸಲ ಎಣಿಸಿದರು. "ಇದೇನ್ರೇ, ಒಂದು ತಲೆ ಜಾಸ್ತಿ ಬರ್ತಿದೆಯಲ್ಲ! ಯಾರದೋ ಮಗೂನ ಎತ್ಕೊಂಡು ಬಂದಿದ್ದೀರೇನು?" ಎಂದರು. ದೊಡ್ಡ ಮೈದುನ ನನ್ನನ್ನು ತೋರಿಸಿ "ಇದು ಸಾಲ್ವು ಎತ್ಕೊಂಡು ಬಂದಿದ್ದು ದೊಡ್ಡಮ್ಮ, ವಾಪಸ್ ತಗೋತಾರಾ ಕೇಳ್ಬೇಕು" ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜಾಸ್ತಿ ನಾನು ನಕ್ಕೆ.

ಮಂಗಳವಾರ ನೇಪಲ್ಸ್. ಅಲ್ಲಿ ಒಂದು ಗಂಟೆ ನಾವಿಬ್ಬರೇ ಎಲ್ಲಾದರೂ ಕುಳಿತು ಕಾಫಿ ಕುಡಿಯೋಣ ಎಂದು ಸಾಲ್ವು ಅವರೇ ಹೇಳಿದ್ದರು. ಬೀದಿಯ ಮೂಲೆಯವರೆಗೆ ಇಬ್ಬರೇ ಹೋದೆವು. ಆಗ ಹಿಂದಿನಿಂದ ಚಿಕ್ಕ ಮೈದುನ ಓಡಿ ಬಂದ. ನಾವು ಮೂವರು ಕಾಫಿ ಕುಡಿದೆವು. ನಾನು ಅಂಗಡಿಯವನಿಗೆ ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಮೈದುನ, "ನೋಡಣ್ಣ, ನಿನ್ನ ಪೆಪೆ ಬಾಯಿ ತೆಗೆದಳು, ಬಿಲ್ಲು ಡಬಲ್ ಆಯ್ತು" ಎಂದು ಕಿಚಾಯಿಸಿದ. ಸ್ಲೀಮಾದ ಕಡೆ ಮನೆಯಲ್ಲೂ ಇಂಗ್ಲಿಷ್ ಮಾತಾಡುವ ನಮ್ಮಂಥವರನ್ನು ಅವರ ಊರಿನಲ್ಲಿ ಪೆಪೆ ಎನ್ನುತ್ತಾರೆ. ಪ್ರೀತಿಯಿಂದಲೇ. ಅಂದು ಹಡಗು ಹತ್ತುವಾಗ ದೊಡ್ಡಮ್ಮ "ಹನ್ನೊಂದು" ಎಂದು ನಿಲ್ಲಿಸಿ, ನನ್ನ ಮುಖ ನೋಡಿ, "ಹಾಂ, ಮತ್ತೆ ನಮ್ಮ ಹೊಸ ಹುಡುಗಿ" ಎಂದು ಸೇರಿಸಿದರು. ನನಗೆ ಬಹಳ ಸಂತೋಷವಾಯಿತು. ರಾತ್ರಿ ಅದನ್ನು ಸಾಲ್ವುಗೆ ಹೇಳಬೇಕೆಂದು ಹೋದೆ. ಅವರ ಕ್ಯಾಬಿನ್ನಿನಲ್ಲಿ ನಾಲ್ವರೂ ಇಸ್ಪೀಟು ಆಡುತ್ತಿದ್ದರು. ನಾಳೆ ಹೇಳಿದರಾಯಿತು ಎಂದು ಬಂದು ಏಣಿ ಹತ್ತಿ ಮಲಗಿದೆ.

ಇಂದು, ಬುಧವಾರ, ಬೆಳಿಗ್ಗೆ 9 ಗಂಟೆಗೆ ಹಡಗು ಇಲ್ಲಿಗೆ ಬಂತು. ನಾನು ಹೇಳುವ ಸಮಯಗಳೆಲ್ಲ ಇಲ್ಲಿಯ ಗಡಿಯಾರದವು. ಹಡಗಿನದು ಒಂದು ಗಂಟೆ ಮುಂದೆ ಇರುತ್ತದೆ. ಭಾವ ಆರು ಸೀಟಿನ ಎರಡು ವ್ಯಾನು ಗೊತ್ತು ಮಾಡಿದ್ದರು. ಕಳೆದ ಸಲ ಇಲ್ಲಿ ಬಂದಾಗ ಯಾರದೋ ಫೋನಿಗೆ ಭಾರಿ ಬಿಲ್ಲು ಬಂದಿದ್ದರಿಂದ, ಇಲ್ಲಿ ಎಲ್ಲರೂ ಫೋನ್ ಆಫ್ ಮಾಡಿಡಬೇಕು ಎಂಬುದು ಮನೆಯ ನಿಯಮ. ನಾನು ಹಳದಿ ಗೌನು ಹಾಕಿದ್ದೆ, ಅದಕ್ಕೆ ಜೇಬಿಲ್ಲ. ನನ್ನ ಫೋನು, ಕೈಚೀಲ ಎರಡನ್ನೂ ಸಾಲ್ವು ತಮ್ಮ ಬೆನ್ನಚೀಲಕ್ಕೆ ಹಾಕಿಕೊಂಡರು. ಹಡಗಿಗೆ ಹತ್ತಿ ಇಳಿಯಲು ತೋರಿಸುವ ಕಾರ್ಡುಗಳನ್ನು ಎಂದಿನಂತೆ ಅತ್ತೆ ಒಟ್ಟಿಗೆ ಇಟ್ಟುಕೊಂಡರು. ನನ್ನ ಕೈಯಲ್ಲಿ ಇಪ್ಪತ್ತು ಯೂರೋ ನೋಟು ಒಂದಿತ್ತು.

ಕಾರ್ಥೇಜಿನಲ್ಲಿ ಹಳೆಯ ಕಾಲದ ಕಲ್ಲಿನ ಕಂಬಗಳನ್ನು ನೋಡಿದೆವು. ಕಂಬಗಳ ಆಚೆ ಸಮುದ್ರ ಎಷ್ಟು ನೀಲಿ ಇತ್ತೆಂದರೆ ನನಗೆ ಕಣ್ಣಲ್ಲಿ ನೀರು ಬಂತು. ಅತ್ತೆಯ ಕ್ಯಾಮೆರಾದಲ್ಲಿ ಎಲ್ಲರ ಫೋಟೋ ನಾನೇ ತೆಗೆದೆ. ನನಗೆ ಚೆನ್ನಾಗಿ ತೆಗೆಯಲು ಬರುತ್ತದೆ ಎಂದು ಅವರೆಲ್ಲ ಹೇಳುತ್ತಾರೆ. 1:15ಕ್ಕೆ ಗುಡ್ಡದ ಮೇಲಿನ ಊರು ಸಿದಿ ಬೂ ಸೈದ್ ತಲುಪಿದೆವು. ಅಲ್ಲಿಯ ನೀಲಿ ಬಾಗಿಲುಗಳು, ಬಿಳಿ ಗೋಡೆ, ಪ್ರತಿ ಮೆಟ್ಟಿಲಿಗೂ ಒಂದು ಬೆಕ್ಕು. ಬೆಕ್ಕುಗಳು ಎಲ್ಲರಿಗೂ ಗೊತ್ತಿರುವ ವಿಷಯ, ಮುಂದೆ ಹೇಳಿ ಎಂದರು ಅಧಿಕಾರಿಗಳು.

2:40ಕ್ಕೆ ಎಲ್ಲರೂ ಕೆಳಗೆ ವ್ಯಾನು ನಿಲ್ಲಿಸಿದ ಜಾಗಕ್ಕೆ ಬಂದೆವು. ನೀನಾ ದೊಡ್ಡಮ್ಮ ಮೇಲೆ ಅಂಗಡಿಯಲ್ಲಿ ಒಂದು ಬಂಬಲೂನಿ ತಿಂದಿದ್ದರು. ಬಳೆಯ ಹಾಗೆ ಎಣ್ಣೆಯಲ್ಲಿ ಕರಿದು ಸಕ್ಕರೆಯಲ್ಲಿ ಹೊರಳಿಸಿ ಬಿಸಿಬಿಸಿ ಕೊಡುತ್ತಾರಲ್ಲ, ಅದು. "ಇನ್ನೊಂದು ತಿಂದಿದ್ರೆ ಸತ್ರೂ ಚಿಂತೆ ಇರ್ತಿರ್ಲಿಲ್ಲ ನೋಡು" ಎಂದು ಅವರು ನನಗೆ ಹೇಳಿದರು. ಎಲ್ಲರಿಗೂ ತರುತ್ತೇನೆ ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಆಗ ಸಾಲ್ವು ಮುಂದಿನ ವ್ಯಾನಿನೊಳಗಿಂದ ಮಾವನ ಕೈ ಹಿಡಿದು ಮೇಲೆಳೆದುಕೊಳ್ಳುತ್ತಿದ್ದರು. ಯಾರೂ ಬೇಡ ಎನ್ನಲಿಲ್ಲ. ನಾನು ಓಡಿದೆ. ಅಂಗಡಿಯಲ್ಲಿ ಸಾಲು ಇತ್ತು. ಹನ್ನೆರಡು ಕೊಡಿ ಎಂದೆ. "ಹನ್ನೆರಡಾ! ಏನಮ್ಮ, ಮದುವೆ ಮನೆಗಾ?" ಎಂದರು ಕರಿಯುವವರು. ಹೌದು, ನನ್ನದೇ ಮದುವೆ ಎಂದೆ. "ಹಾಗಾದ್ರೆ ಸಕ್ಕರೆ ಜಾಸ್ತಿ ಹಾಕ್ತೀನಿ, ಇರು" ಎಂದು ಎರಡೆರಡು ಸಲ ಹೊರಳಿಸಿ ಕೊಟ್ಟರು. ಅವರು ಈ ಬಂದರಿನ ಕಡೆಯವರಂತೆ, ಅವರ ಮಾತು ನನಗೆ ಮುಕ್ಕಾಲು ಅರ್ಥವಾಯಿತು. ನಮ್ಮ ಮಾಲ್ಟೀಸೂ ಇಲ್ಲಿಯ ಮಾತೂ ಅಷ್ಟು ಹತ್ತಿರ. ಇದನ್ನು ಸಾಲ್ವುಗೆ ಹೇಳಬೇಕೆಂದು ಅಂದುಕೊಂಡು ಕೆಳಗೆ ಬಂದೆ.

3:05ಕ್ಕೆ ನಾನು ವ್ಯಾನು ನಿಲ್ಲಿಸಿದ ಜಾಗಕ್ಕೆ ಬಂದೆ. ಎರಡು ವ್ಯಾನೂ ಇರಲಿಲ್ಲ. ಒಂದು ಕಡೆ ಎಣ್ಣೆ ತೊಟ್ಟಿಕ್ಕಿದ ಕಲೆ ಇತ್ತು.

ವ್ಯಾನು ತಿರುಗಿಸಿಕೊಂಡು ಬರಲು ಹೋಗಿರುತ್ತವೆ ಎಂದು ನಾನು ಗೋಡೆಯ ಪಕ್ಕ ನಿಂತೆ. ಪೊಟ್ಟಣ ಬಿಸಿ ಇತ್ತು. ಅಲ್ಲಿ ಮಲ್ಲಿಗೆಯ ಪುಟ್ಟ ತುರಾಯಿ ಮಾರುವ ಒಬ್ಬ ವಯಸ್ಸಾದವರು ಕುಳಿತಿದ್ದರು. ಅವರ ಕಿವಿಯ ಹಿಂದೆಯೂ ಒಂದಿತ್ತು. "ಯಾರನ್ನ ಕಾಯ್ತಿದ್ದೀಯ ಮಗಳೇ, ಅಷ್ಟೊಂದು ತಿಂಡಿ ಹಿಡ್ಕೊಂಡು? ಗಂಡನಿಗಾ, ಪಟಾಲಮ್ಮಿಗಾ?" ಎಂದು ಕೇಳಿದರು. ಇಬ್ಬರಿಗೂ ಎಂದೆ. ಎರಡು ಬಿಳಿ ವ್ಯಾನಿನವರೇ ಎಂದು ಕೇಳಿದರು. ಹೌದೆಂದೆ. ಅವರು ಕೈಯಲ್ಲಿದ್ದ ತುರಾಯಿಯನ್ನು ಬುಟ್ಟಿಗೆ ಹಾಕಿ ಹೇಳಿದರು: "ಕಪ್ಪು ಕನ್ನಡಕದ ಅಜ್ಜಿ ಎರಡೂ ವ್ಯಾನಿನೊಳಗೆ ತಲೆ ಹಾಕಿ, ಒಬ್ಬೊಬ್ಬರ ನೆತ್ತಿ ಮುಟ್ಟಿ ಎಣಿಸಿದ್ರು. ಹನ್ನೊಂದು ಅಂದ್ರು. ಸರಿಯಾಯ್ತು ಅಂತ ಬಾಗಿಲು ಹಾಕ್ಕೊಂಡು ಹೋದ್ರು. ನೀನು ಆಗ ಇಲ್ಲಿರಲಿಲ್ಲ."

ನನ್ನನ್ನು ಬಿಟ್ಟರೆ ಹನ್ನೊಂದೇ ಆಗುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೆ ಎಣಿಸಿದ ಮೇಲೂ ಒಬ್ಬರು ಇಳಿಯಬಹುದು. ವ್ಯಾನು ಹೊರಟು ನೂರು ಮೀಟರು ಹೋಗುವಷ್ಟರಲ್ಲಿ ಸಾಲ್ವು ಹಿಂದೆ ತಿರುಗಿ ನೋಡಿರುತ್ತಾರೆ, ನಾನಿಲ್ಲದ್ದು ಕಂಡಿರುತ್ತದೆ, ಇಳಿದು ನನ್ನನ್ನು ಹುಡುಕಿಕೊಂಡು ಇನ್ನೊಂದು ದಾರಿಯಲ್ಲಿ ಮೇಲೆ ಹೋಗಿರುತ್ತಾರೆ. ಇದನ್ನು ನಾನು ಆ ಹೂವಿನವರಿಗೆ ಹೇಳಿದೆ. "ಇರಬಹುದಮ್ಮ" ಎಂದರು. ನಾನು ಮತ್ತೆ ಮೇಲೆ ಹೋದೆ. ಒಂದೊಂದು ಓಣಿಯಲ್ಲೂ ಸಾಲ್ವು ಎಂದು ಕೂಗಿದೆ. ಒಂದು ನೀಲಿ ಕಿಟಕಿಯಿಂದ ಒಬ್ಬ ಹೆಂಗಸು ಬಗ್ಗಿ, "ಬೆಕ್ಕಾ, ಮಗುನಾ?" ಎಂದು ಕೇಳಿದರು. ಗಂಡ ಎಂದೆ. "ಅದು ಹೊಟ್ಟೆ ಹಸಿದ್ರೆ ತಾನಾಗಿ ಬರುತ್ತೆ ಬಿಡು" ಎಂದು ಕಿಟಕಿ ಮುಚ್ಚಿದರು. ನಾನೂ ನಕ್ಕೆ. ಆಮೇಲೆ ಉಳಿದ ಓಣಿಗಳಲ್ಲಿ ಮೆಲ್ಲಗೆ ಕೂಗಿದೆ.

4:10ಕ್ಕೆ ಮತ್ತೆ ಕೆಳಗೆ ಬಂದೆ. ಅವರು ಬಂದಿರಲಿಲ್ಲ. ಹಡಗು 5 ಗಂಟೆಗೆ ಹೊರಡುತ್ತದೆ ಎಂದಾಗ ಹೂವಿನವರು ಎದ್ದು, ತಮ್ಮ ಬುಟ್ಟಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ, ನನ್ನನ್ನು ರೈಲು ನಿಲ್ದಾಣದವರೆಗೆ ಬಿಟ್ಟರು. ನನ್ನ ಹತ್ತಿರ ಯೂರೋ ಚಿಲ್ಲರೆ ಮಾತ್ರ ಉಳಿದಿತ್ತು. ಟಿಕೆಟ್ ಅವರೇ ತೆಗೆದುಕೊಟ್ಟರು. ದುಡ್ಡು ಕೊಡಲು ಹೋದರೆ ಪೊಟ್ಟಣದಿಂದ ಒಂದು ಬಂಬಲೂನಿ ತೆಗೆದುಕೊಂಡು, ಲೆಕ್ಕ ಸರಿಹೋಯಿತು ಎಂದರು. ಸಾಲ್ವು ಬಂದರೆ ನಾನು ಬಂದರಿಗೆ ಹೋಗಿದ್ದೇನೆಂದು ತಿಳಿಸಬೇಕು ಎಂದು ಕೇಳಿಕೊಂಡೆ. ಎತ್ತರದವರು, ನೀಲಿ ಗೆರೆಯ ಅಂಗಿ ಎಂದೆ. ಖಂಡಿತ ಹೇಳುವುದಾಗಿ ಅವರು ಒಪ್ಪಿದರು.

4:56ಕ್ಕೆ ನಾನು ಬಂದರಿನ ಗೇಟಿಗೆ ಬಂದೆ. ನಿಲ್ದಾಣದಿಂದ ಓಡಿದ್ದರಿಂದ ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಕಾವಲಿನವರು ಕಾರ್ಡ್ ಎಲ್ಲಿ ಎಂದರು. ಅತ್ತೆಯ ಹತ್ತಿರ ಎಂದೆ. ಅತ್ತೆ ಎಲ್ಲಿ ಎಂದರು. ನಾನು ಹಡಗು ತೋರಿಸಿದೆ. "ಎಲ್ಲ ಅತ್ತೆಯರೂ ಹಡಗಲ್ಲೇ ಇರ್ತಾರಮ್ಮ, ಕಾರ್ಡಿಲ್ದೆ ಬಿಡೋಕಾಗಲ್ಲ" ಎಂದು ಯಾರಿಗೋ ಫೋನ್ ಮಾಡತೊಡಗಿದರು. ಆಗ ಶೆಡ್ಡುಗಳ ಮೇಲೆ ಕಾಣುತ್ತಿದ್ದ ಹಡಗಿನ ಹಳದಿ ಚಿಮಣಿ ನಿಧಾನವಾಗಿ ಬಲಕ್ಕೆ ಸರಿಯಿತು. ಮೊದಲು ನಾನು ಶೆಡ್ಡುಗಳೇ ಸರಿಯುತ್ತಿವೆ ಎಂದುಕೊಂಡೆ. ಮೇಲಿನ ಕಟಕಟೆಯಲ್ಲಿ ನಿಂತ ಜನ, ಯಾರಿಗೆಂದು ಗೊತ್ತಿಲ್ಲ, ಕೈ ಬೀಸುತ್ತಿದ್ದರು. ನಾನೂ ಬೀಸಿದೆ.

5:10ಕ್ಕೆ ನಾನು ಈ ಠಾಣೆಗೆ ಬಂದು ದೂರು ಕೊಟ್ಟೆ. ಸಾಲ್ವು ನನ್ನನ್ನು ಬಿಟ್ಟು ಹೋಗುವವರಲ್ಲ, ಆದ್ದರಿಂದ ಅವರು ಹಡಗಿನಲ್ಲಿಲ್ಲ, ಸಿದಿ ಬೂ ಸೈದಿನಲ್ಲಿ ಎಲ್ಲೋ ನನ್ನನ್ನು ಹುಡುಕುತ್ತಾ ಅಲೆಯುತ್ತಿದ್ದಾರೆ, ಬಿದ್ದು ಪೆಟ್ಟಾಗಿರಲೂಬಹುದು, ಕೂಡಲೇ ಜೀಪು ಕಳಿಸಬೇಕು ಎಂದೆ. ಅಧಿಕಾರಿಗಳು ಕಾಣೆಯಾದವರ ವಿವರ ಕೇಳಿದರು. ಎತ್ತರ ಆರಡಿ. ಎಡ ಕಿವಿಯ ಕೆಳಗೆ ಒಂದು ಮಚ್ಚೆ. ನಗುವಾಗ ಒಂದು ಕಣ್ಣು ಇನ್ನೊಂದಕ್ಕಿಂತ ಮೊದಲು ಮುಚ್ಚುತ್ತದೆ. ಇದನ್ನು ಬರೆದುಕೊಳ್ಳಲಿಲ್ಲ. ಸಾಲ್ವು ನನ್ನೊಂದಿಗೆ ಕೊನೆಯ ಸಲ ಮಾತಾಡಿದ್ದು ಯಾವಾಗ, ಏನು ಎಂದು ಕೇಳಿದರು. ನಾನು ಬಹಳ ಯೋಚಿಸಿದೆ. ಬೆಳಿಗ್ಗೆ ಹಡಗು ಇಳಿಯುವಾಗ "ಬಿಸಿಲಿಗೆ ಹಚ್ಕೊಳ್ಳೋ ಕ್ರೀಮು ಅಮ್ಮನ ಹತ್ರ ಇದ್ಯಾ ಕೇಳು" ಎಂದಿದ್ದರು. ಕೇಳಿ, ಇದೆ ಎಂದು ತಿಳಿಸಿದ್ದೆ. ಆಮೇಲಿನದು ನೆನಪಾಗಲಿಲ್ಲ. ಅಧಿಕಾರಿಗಳು ಇದನ್ನು ಬರೆದುಕೊಂಡರು. ನನಗೆ ನೀರು ಕೊಟ್ಟರು. ನಾನು ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಬೇಡ ಬೇಡ ಎಂದು ಆಮೇಲೆ ಒಬ್ಬೊಬ್ಬರು ಒಂದೊಂದು ತೆಗೆದುಕೊಂಡರು. ಅಷ್ಟರಲ್ಲಿ ಅವು ಪೂರ್ತಿ ತಣ್ಣಗಾಗಿದ್ದವು.

5:20ಕ್ಕೆ ಶ್ರೀಮತಿ ಹೇಲಾ ಬಂದು ಹಡಗಿನವರೊಂದಿಗೆ ಮಾತಾಡಿದರು. ಮಾತಾಡುವಾಗ ನನ್ನ ಕಡೆ ನೋಡದೆ ಗೋಡೆಯ ನಕಾಶೆ ನೋಡುತ್ತಿದ್ದರು. ಬುಸುಟ್ಟಿಲ್ ಮನೆಯ ಹನ್ನೊಂದು ಮಂದಿಯೂ 3:40ಕ್ಕೆ ಹಡಗು ಹತ್ತಿದ್ದಾರೆ, ಅವರಲ್ಲಿ ಸಾಲ್ವು ಅವರೂ ಇದ್ದಾರೆ ಎಂದು ತಿಳಿಸಿದರು. ಹಡಗಿನವರು ಧ್ವನಿವರ್ಧಕದಲ್ಲಿ ನನ್ನ ಹೆಸರನ್ನು ಮೂರು ಸಲ ಕೂಗಿದ್ದರಂತೆ. ಆ ಹೊತ್ತಿಗೆ ಇವರೆಲ್ಲ ದೊಡ್ಡ ಹಜಾರದಲ್ಲಿ ತೊಂಬೊಲಾ ಆಡುತ್ತಿದ್ದರಂತೆ. ಅಂಕಿ ಕೂಗುವ ಗದ್ದಲದಲ್ಲಿ ಕೇಳಿಸಿಲ್ಲ. ನಾನು ಹಡಗಿನ ಮೇಲೆಲ್ಲೋ ಫೋಟೋ ತೆಗೆಯುತ್ತಿರಬೇಕು ಎಂದು ಸಾಲ್ವು ಅಂದುಕೊಂಡಿದ್ದರಂತೆ. ನಾನು ಸಾಲ್ವು ಜೊತೆ ಇರಬೇಕು ಎಂದು ಅತ್ತೆ ಅಂದುಕೊಂಡಿದ್ದರಂತೆ. ಹತ್ತುವಾಗ ಅತ್ತೆಯ ಕೈಯಲ್ಲಿ ಒಂದು ಕಾರ್ಡು ಜಾಸ್ತಿ ಉಳಿಯಿತಂತೆ. ಹಳೆಯದಿರಬೇಕೆಂದು ಪರ್ಸಿಗೆ ಹಾಕಿಕೊಂಡರಂತೆ.

ಯಾರ ಮನೆಯಲ್ಲೂ ಹೀಗೆ ಆಗಬಹುದು ಎಂದು ನಾನು ಹೇಳಿದೆ. ಹೊಸದರಲ್ಲಿ ಯಾರಿಗೂ ಅಭ್ಯಾಸ ಇರುವುದಿಲ್ಲ. ಗೊತ್ತಾದ ಕ್ಷಣವೇ ಸಾಲ್ವು ಬರುತ್ತಾರೆ ಎಂದೆ. ಹಡಗು ಹೊರಟಾಗಿದೆಯಲ್ಲಮ್ಮ ಎಂದರು ಅಧಿಕಾರಿಗಳು. ಆಗ ಶ್ರೀಮತಿ ಹೇಲಾ, ಒಂದು ದಾರಿ ಇದೆ ಎಂದರು. ಹಡಗನ್ನು ಬಂದರಿನಿಂದ ಹೊರಗೆ ದಾಟಿಸಲು ಇಲ್ಲಿಯ ಒಬ್ಬ ಪೈಲಟ್ ಜೊತೆಗೆ ಹೋಗಿರುತ್ತಾರೆ. ಹೊರಗೆ ದಾರಿ ತೋರಲು ನೀರಲ್ಲಿ ತೇಲಿಬಿಟ್ಟಿರುವ ಗುರುತಿನ ಬಳಿ ಅವರು ಏಣಿಯಿಂದ ಸಣ್ಣ ದೋಣಿಗೆ ಇಳಿದು ವಾಪಸ್ ಬರುತ್ತಾರೆ. ಸಮುದ್ರ ಶಾಂತವಾಗಿದೆ. ಸಾಲ್ವು ಬಯಸಿದರೆ ಅದೇ ದೋಣಿಗೆ ಇಳಿಯಬಹುದು. ಶ್ರೀಮತಿ ಹೇಲಾ ಕ್ಯಾಪ್ಟನ್ ಅವರನ್ನು ಕೇಳಿದರು. 5:32ಕ್ಕೆ ಉತ್ತರ ಬಂತು. ಕ್ಯಾಪ್ಟನ್ ಹತ್ತು ನಿಮಿಷ ಹಡಗು ನಿಧಾನಿಸಲು ಒಪ್ಪಿದ್ದಾರೆ, ಸಾಲ್ವು ಅವರಿಗೆ ತಿಳಿಸಲಾಗಿದೆ, ಅವರು ಕೆಳಗಿನ ಬಾಗಿಲಿಗೆ ಹೊರಟಿದ್ದಾರೆ.

ನಾನು ಶ್ರೀಮತಿ ಹೇಲಾ ಅವರನ್ನು ತಬ್ಬಿಕೊಂಡೆ. ಅಧಿಕಾರಿಗಳನ್ನೂ ತಬ್ಬಿಕೊಂಡೆ. ಅದಕ್ಕೆ ಕ್ಷಮೆ ಕೇಳಿದ್ದೇನೆ. ಠಾಣೆಯ ನಲ್ಲಿಯಲ್ಲಿ ಮುಖ ತೊಳೆದು, ಶ್ರೀಮತಿ ಹೇಲಾ ಅವರ ಬಾಚಣಿಗೆಯಿಂದ ತಲೆ ಬಾಚಿದೆ. ಅವರು ತಮ್ಮ ಲಿಪ್‌ಸ್ಟಿಕ್ಕನ್ನೂ ಕೊಟ್ಟರು. ನಮಗಿಬ್ಬರಿಗೆ ಇಲ್ಲಿ ಎಲ್ಲಾದರೂ ಒಂದು ರಾತ್ರಿಗೆ ರೂಮು ಸಿಗುತ್ತದೆಯೇ ಎಂದು ಕೇಳಿದೆ. ಸಮುದ್ರದ ಕಡೆಗೆ ಕಿಟಕಿ ಇರುವ ಒಂದು ಗೊತ್ತು ಎಂದರು. ಮೂವರೂ 300 ಮೀಟರು ದೂರದ ಪೈಲಟ್ ದೋಣಿಯ ಕಟ್ಟೆಗೆ ನಡೆದು ಹೋದೆವು. ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ದಾರಿಯಲ್ಲಿ ನಾನೇ ಮಾತಾಡುತ್ತಿದ್ದೆ.

6:08ಕ್ಕೆ ದೋಣಿ ಕಂಡಿತು. ಅದರ ಮುಂಭಾಗದಲ್ಲಿ ಒಬ್ಬರು ನಿಂತಿದ್ದರು. ನಾನು ಕೂಗಿದೆ. ಹತ್ತಿರ ಬಂದಾಗ ಅವರು ಪೈಲಟ್ ಹಮ್ಮಾದಿ ಎಂಬ ಬಿಳಿ ಗಡ್ಡದವರು. ಅವರ ಹಿಂದೆ ದೋಣಿ ನಡೆಸುವವರು. ಅವರ ಕಾಲ ಬಳಿ ನನ್ನ ಸೂಟ್‌ಕೇಸು. ದೋಣಿಯೊಳಗೆ ಒಂದು ಕೋಣೆಯಂಥದು ಇತ್ತು. ಅದರ ಬಾಗಿಲನ್ನೂ ನಾನು ನೋಡಿದೆ. ದೋಣಿ ಕಟ್ಟಿ ಹಗ್ಗ ಬಿಗಿದ ಮೇಲೂ ಆ ಬಾಗಿಲು ತೆರೆಯಲಿಲ್ಲ.

ನಡೆದದ್ದನ್ನು ಹಮ್ಮಾದಿ ಅವರು ಅಧಿಕಾರಿಗಳ ಮುಂದೆಯೇ ಹೇಳಿದರು. ಸಾಲ್ವು ಕೆಳಗಿನ ಬಾಗಿಲಿಗೆ ಬಂದಿದ್ದರು. ತೇಲುವ ಅಂಗಿ ತೊಟ್ಟು ಪಟ್ಟಿಯನ್ನೂ ಬಿಗಿದುಕೊಂಡಿದ್ದರು. ಒಂದು ಕಾಲನ್ನು ಏಣಿಯ ಮೇಲೆ ಇಟ್ಟಿದ್ದರು. ಹಿಂದೆ ಮನೆಯವರೆಲ್ಲ ಬಂದು ನಿಂತಿದ್ದರು. ಅತ್ತೆ ಅವರ ಅಂಗಿ ಹಿಡಿದು, "ಬಿದ್ದು ಹೋದ್ರೆ ಏನೋ ಮಾಡ್ಲಿ ನಾನು? ಅವಳೇನು ಕಾಡಲ್ಲಿದ್ದಾಳಾ? ಓದಿದ ಹುಡುಗಿ, ಇಂಗ್ಲಿಷ್ ಬರುತ್ತೆ, ವಿಮಾನ ಹತ್ಕೊಂಡು ಬರ್ತಾಳೆ ಬಿಡು" ಎಂದು ಅಳುತ್ತಿದ್ದರು. ಮಾವ, ಇಷ್ಟು ದುಡ್ಡು ಕೊಟ್ಟ ಪ್ರವಾಸ ಹಾಳು ಮಾಡಿಕೊಳ್ಳಬೇಡ ಎಂದರು. ದೊಡ್ಡಮ್ಮ ಮಾತ್ರ "ಇಳಿಯೋ, ನಾಚಿಕೆಗೆಟ್ಟವನೇ, ಎಣಿಕೆ ತಪ್ಪಿದ್ದು ನಂದು, ಹೆಂಡ್ತಿ ನಿಂದು" ಎಂದು ಜೋರು ಮಾಡಿದರು. ಹಮ್ಮಾದಿ ಅವರು ಕೆಳಗಿಂದ ಕೈ ಚಾಚಿ, "ಬಾರಪ್ಪಾ, ಐದೇ ಮೆಟ್ಟಿಲು, ನನ್ನ ಮಂಡಿಗೇ ಏನಾಗಿಲ್ಲ" ಎಂದು ಕರೆದರು. ಸಾಲ್ವು ಸಮುದ್ರ ನೋಡಿದರು. ಅಮ್ಮನನ್ನು ನೋಡಿದರು. ಆಮೇಲೆ ಕಾಲನ್ನು ವಾಪಸ್ ತೆಗೆದುಕೊಂಡು, ತೇಲುವ ಅಂಗಿ ಬಿಚ್ಚಿ ನಾವಿಕನಿಗೆ ಕೊಟ್ಟರು. ನನ್ನ ಸೂಟ್‌ಕೇಸನ್ನು ದೋಣಿಗೆ ಇಳಿಸಿಕೊಟ್ಟು, ಶುಕ್ರವಾರ ಬಾರ್ಸಿಲೋನಾದಲ್ಲಿ ಸಿಗುತ್ತೇನೆಂದು ತಿಳಿಸಿ ಎಂದರಂತೆ. "ಅವಳು ಬೇಜಾರ್ ಮಾಡ್ಕೊಳ್ಳಲ್ಲ ಚಾಚಾ. ಯಾವಾಗ್ಲೂ ನಗ್ತಾನೇ ಇರ್ತಾಳೆ" ಎಂದೂ ಹೇಳಿದರಂತೆ.

ಹಮ್ಮಾದಿ ಅವರು ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಹೇಳಿದ ಮೇಲೆ, ತಾನು ಇನ್ನೊಂದು ಸಲ ಕರೆಯಬೇಕಿತ್ತೇನೋ ಎಂದರು. ಹಾಗೇನಿಲ್ಲ ಎಂದು ನಾನು ಹೇಳಿದೆ.

ಸೂಟ್‌ಕೇಸನ್ನು ಠಾಣೆಯಲ್ಲಿ ಅಧಿಕಾರಿಗಳ ಎದುರು ತೆರೆಯಲಾಯಿತು. ನನ್ನ ಪಾಸ್‌ಪೋರ್ಟು, ಫೋನು, ಕೈಚೀಲ ಇದ್ದವು. ಒಂದೆರಡು ರಾತ್ರಿಗೆ ಬೇಕಾದ ಬಟ್ಟೆಯಷ್ಟೇ ಅಲ್ಲ, ನನ್ನದೆಲ್ಲವೂ ಇತ್ತು. ಮೇಲಿನ ಹಾಸಿಗೆಯ ದಿಂಬಿನ ಕೆಳಗೆ ಇಟ್ಟಿದ್ದ ಪುಸ್ತಕ, ಸ್ನಾನದ ಕೋಣೆಯ ನನ್ನ ಶಾಂಪೂ, ಶುಕ್ರವಾರ ಹಾಕಿಕೊಳ್ಳಲೆಂದು ಬಾಗಿಲ ಹಿಂದೆ ನೇತುಹಾಕಿದ್ದ ಕೆಂಪು ಗೌನು. ಗೌನನ್ನು ಸುಕ್ಕಾಗದಂತೆ ತೆಳು ಕಾಗದ ಇಟ್ಟು ಮಡಚಿದ್ದರು. ಹಾಗೆ ಮಡಚುವುದು ನನ್ನ ಅತ್ತೆ. ನನ್ನದು ಎಂಬ ಯಾವ ವಸ್ತುವೂ ಈಗ ಆ ಹಡಗಿನಲ್ಲಿ ಇಲ್ಲ.

7:15ಕ್ಕೆ ಶ್ರೀಮತಿ ಹೇಲಾ ಅವರು, ಶುಕ್ರವಾರಕ್ಕೆ ಬಾರ್ಸಿಲೋನಾಗೆ ಟಿಕೆಟ್ ತೆಗೆಯಲೇ ಎಂದು ಕೇಳಿದರು. ನಾಳೆ ಬೆಳಿಗ್ಗೆ ಮಾಲ್ಟಾಕ್ಕೂ ಒಂದು ವಿಮಾನವಿದೆ ಎಂದು ಮೆಲ್ಲಗೆ ಸೇರಿಸಿದರು. ಆಗ ನನ್ನ ಫೋನು ಆನ್ ಮಾಡಿದೆ. ಸಾಲ್ವು ಅವರ ಒಂದು ಸಂದೇಶ ಬಂದಿತ್ತು. ಊಟಕ್ಕೆ ಹೋಗುತ್ತಿದ್ದೇವೆ, ನೀನೂ ಏನಾದರೂ ತಿನ್ನು, ಅಮ್ಮ ತುಂಬಾ ಹೆದರಿಬಿಟ್ಟಿದ್ದಾರೆ, ಅವರಿಗೊಂದು ಸಮಾಧಾನದ ಮಾತು ಕಳಿಸು ಎಂದಿತ್ತು. ನಾನು ಅತ್ತೆಗೆ, ಗಾಬರಿಯಾಗಬೇಡಿ, ನಾನು ಕ್ಷೇಮವಾಗಿದ್ದೇನೆ ಎಂದು ಬರೆದು ಕಳಿಸಿದೆ. ಸಾಲ್ವುಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಅಧಿಕಾರಿಗಳು, "ನಿಧಾನಕ್ಕೆ ಯೋಚ್ನೆ ಮಾಡಮ್ಮ, ನಮಗೇನೂ ಅವಸರ ಇಲ್ಲ" ಎಂದು ದೀಪ ಹಾಕಿಸಿದರು.

ನಾನು ಮಾಲ್ಟಾಕ್ಕೆ ಹೋಗುತ್ತೇನೆ. ಜೈತೂನಿಗಲ್ಲ, ಸ್ಲೀಮಾದ ನನ್ನ ತವರಿಗೆ. ಅಲ್ಲಿಗೆ ಯಾರಾದರೂ ಬಂದರೆ ಬಾಗಿಲು ತೆಗೆಯುತ್ತೇನೋ ಇಲ್ಲವೋ ಎಂಬುದನ್ನು ಈ ಹೇಳಿಕೆಯಲ್ಲಿ ಬರೆಸುವ ಅಗತ್ಯವಿಲ್ಲ.

ನನ್ನ ಗಂಡ ಸಾಲ್ವು ಬುಸುಟ್ಟಿಲ್ ಕಾಣೆಯಾಗಿದ್ದಾರೆ ಎಂದು ಸಂಜೆ ನಾನು ಕೊಟ್ಟ ದೂರನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ಅವರಿಗೆ ಪೆಟ್ಟಾಗಿಲ್ಲ. ಅವರು ಎಲ್ಲಿದ್ದಾರೆ ಎಂಬುದು ನನಗೆ ಗೊತ್ತಾಗಿದೆ. ಅವರನ್ನು ಹುಡುಕುವುದು ಬೇಡ.

ನಾನು ಹೇಳಿದ್ದನ್ನು ಶ್ರೀಮತಿ ಹೇಲಾ ಅವರು ನನಗೆ ಮೊದಲಿನಿಂದ ಓದಿ ಹೇಳಿದ್ದಾರೆ. ನಾನು ನೋಡಿದ್ದು, ಕೇಳಿದ್ದು ಇಷ್ಟೇ. ಇದರಲ್ಲಿ ಸುಳ್ಳಿಲ್ಲ, ಬಿಟ್ಟದ್ದೂ ಇಲ್ಲ. ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಬಂದರು ಪೊಲೀಸ್ ಠಾಣೆ, ಲಾ ಗುಲೆತ್
ದಿನಾಂಕ: 14-06-2023, ಸಂಜೆ 7:50

ಸಹಿ: ಫ್ರಾನ್ಸೀನ್ ಬುಸುಟ್ಟಿಲ್
ಭಾಷಾಂತರಿಸಿದವರು: ಹೇಲಾ
ನನ್ನ ಸಮಕ್ಷಮ: ಮೊನ್ಸೆಫ್, ಠಾಣಾ ಅಧಿಕಾರಿ